ಬೀಗಿತಿಯ ಮಾತಿನ ಸಾರಾಂಶ

ಬೀಗಿತಿ ಫೋನಿನಲ್ಲಿ ಮಾತನಾಡಿದ್ದು ನನ್ನ ಲೋಟದ ಕಾಫಿಯ ಮೇಲೆ ಕೆನೆ ಕಟ್ಟುವಷ್ಟು ಹೊತ್ತು. ಮಗ ಅದನ್ನು ನಮ್ಮ ಮಾತಿಗೆ ತಂದದ್ದು ಹೀಗೆ: "ಆರಾಮಾಗಿದ್ದಾರಂತಮ್ಮ."

ನಾನು ಮಾಧ್ಯಮಿಕ ಶಾಲೆಯಲ್ಲಿ ಭಾಷಾಪಾಠ ಹೇಳುವವಳು. ಒಂದು ಗದ್ಯಭಾಗವನ್ನು ಅದರ ಮೂರನೆಯ ಒಂದು ಪಾಲಿಗೆ ಇಳಿಸಿ ಸಾರಾಂಶ ಬರೆಯುವ ವಿದ್ಯೆಯನ್ನು ಅಪ್ಪಂದಿರಿಗೂ ಕಲಿಸಿದ್ದೇನೆ, ಅವರ ಮಕ್ಕಳಿಗೂ ಕಲಿಸುತ್ತಿದ್ದೇನೆ. ಸಾರಾಂಶವು ಆ ಅಳತೆಗಿಂತ ತೀರ ಕುಗ್ಗಿದರೆ ಏನೋ ಬಿಟ್ಟುಹೋಗಿದೆ ಎಂದರ್ಥ. ಬಿಟ್ಟದ್ದು ಮರೆವಿನಿಂದಲೋ ಉದ್ದೇಶದಿಂದಲೋ ಎಂಬುದಷ್ಟೇ ಆಮೇಲಿನ ಪ್ರಶ್ನೆ. ನನ್ನ ಮಗನೂ ನನ್ನ ತರಗತಿಯ ಬೆಂಚಿನಲ್ಲಿ ಕುಳಿತು ಕಲಿತವನು. ಅವನಿಗೆ ಮರೆವಿನ ರೋಗವಿಲ್ಲ.

"ಇಷ್ಟು ಹೊತ್ತು ಮಾತಾಡಿದ್ದು ಅಷ್ಟೇನಾ?" ಎಂದೆ.

"ಅವರ ಭಾಷೆ ಸ್ವಲ್ಪ ಉದ್ದಮ್ಮ," ಎಂದ. ಮುಖ ಮಾತ್ರ ನನ್ನ ಕಡೆ ತಿರುಗಲಿಲ್ಲ.

ಮಗ ಕನ್ನಡಕದ ಗಾಜು ಉಜ್ಜುವವನು. ರಷ್ಯನ್ನರ ನಾಡಿನ ಗಾಜಿನ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಕಸುಬಿನ ಜೊತೆಗೆ ಅಲ್ಲಿಯ ಭಾಷೆಯನ್ನೂ ಒಬ್ಬ ಹೆಂಡತಿಯನ್ನೂ ಸಂಪಾದಿಸಿಕೊಂಡು ಬಂದ. ಸೊಸೆ ನಮ್ಮೂರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ನಮ್ಮ ಮಾತಿನಲ್ಲಿ ಅವಳಿಗೆ ಬರುವುದು ಊಟ, ನೀರು, ಬಾಗಿಲು, ಹೋಗಿಬರ್ತೀನಿ, ಇಂಥವು. ಅವಳ ತಾಯಿ, ಅಂದರೆ ನನ್ನ ಬೀಗಿತಿ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸು. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಆಕೆಯ ಅಗಲವಾದ ಮುಖ ಮೂಡುತ್ತದೆ. ನಡುವೆ ಮಗ ಕುಳಿತು ಅತ್ತಲಿನದನ್ನು ಇತ್ತ, ಇತ್ತಲಿನದನ್ನು ಅತ್ತ ದಾಟಿಸುತ್ತಾನೆ.

ದಾಟಿಸುವವನ ಕೈಯಲ್ಲಿ ಸರಕು ಸೋರಿಹೋಗುತ್ತಿದೆ ಎಂಬ ಅನುಮಾನ ನನಗೆ ಹುಟ್ಟಿದ್ದು ಸೊಸೆ ಗರ್ಭಿಣಿಯಾದ ಮೇಲೆ. ಹೊಟ್ಟೆ ಮುಂದೆ ಬಂದರೂ ಅವಳು ನೀರಿಗೆ ಇಳಿಯುವುದನ್ನು ಬಿಡಲಿಲ್ಲ. ಒಂದು ಭಾನುವಾರ ನಾನು ಕಟುವಾಗಿಯೇ ಹೇಳಿದೆ: "ನಿನ್ನ ಅತ್ತೆಗೆ ಹೇಳು. ಬಸುರಿ ಹೆಂಗಸು ಔಷಧಿ ಹಾಕಿದ ನೀರಲ್ಲಿ ಬಿದ್ದು ಹೊರಳಾಡೋದು ನನಗೆ ಸರಿ ಕಾಣಲ್ಲ. ಹೆತ್ತ ತಾಯಿಯಾಗಿ ಒಂದು ಮಾತು ಬುದ್ಧಿ ಹೇಳಬಾರದಾ ಅಂತ ಕೇಳು."

ಮಗ ಏನೋ ಹೇಳಿದ. ಬೀಗಿತಿ ಎರಡೂ ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣು ತುಂಬಿಕೊಂಡು, ನನ್ನನ್ನು ನೋಡಿ ನಕ್ಕಳು.

ಬೈಸಿಕೊಂಡವರು ಹಾಗೆ ನಗುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಆ ನಗು ನನಗೆ ಬಂದದ್ದಲ್ಲ; ನನ್ನ ಹೆಸರಿನಲ್ಲಿ ಇನ್ಯಾರೋ ಪಡೆದದ್ದು.

ಅಲ್ಲಿಂದ ಮುಂದೆ ಕಣ್ಣಿಗೆ ಬಿದ್ದದ್ದೆಲ್ಲ ಅದಕ್ಕೇ ಬಂದು ಸೇರತೊಡಗಿತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಗುಸುಗುಸು ಮಾತನಾಡುವರು, ನಾನು ಹೊಸ್ತಿಲಿಗೆ ಬಂದರೆ ನಲ್ಲಿ ತಿರುಗಿಸುವರು. ಅಟ್ಟದ ಮೇಲಿದ್ದ ದೊಡ್ಡ ಸೂಟ್‌ಕೇಸುಗಳು ಕೆಳಗಿಳಿದು ಹಿಂದಿನ ಕೋಣೆಯ ಗೋಡೆಗೆ ಒರಗಿ ನಿಂತವು. "ಇದೇನೋ?" ಎಂದರೆ, "ಧೂಳು ಹೊಡೀತಿದೀನಮ್ಮ" ಎಂಬ ಉತ್ತರ. ಹುಟ್ಟಿದಾಗಿನಿಂದ ತನ್ನ ತಟ್ಟೆಯ ಕೆಳಗಿನ ಧೂಳನ್ನೂ ಹೊಡೆಯದ ಗಂಡುಮಗ!

ನನ್ನ ಮನಸ್ಸಿನಲ್ಲಿ ಒಂದು ತೀರ್ಮಾನ ಗಟ್ಟಿಯಾಗುತ್ತಾ ಬಂತು. ಹೆರಿಗೆಗೆ ಇವಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಮಗನೂ ಹಿಂದೆಯೇ ಹೋಗುತ್ತಾನೆ. ಮೊಮ್ಮಗುವಿನ ಮುಖವನ್ನು ನಾನು ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ನೋಡಬೇಕು. ಇದೆಲ್ಲ ನನ್ನ ಮನೆಯ ಮೇಜಿನ ಮೇಲೆಯೇ, ನನ್ನ ಎದುರಿಗೇ, ನನಗೆ ತಿಳಿಯದ ಮಾತಿನಲ್ಲಿ ನಿಶ್ಚಯವಾಗುತ್ತಿದೆ. ಹೋಗುವವರನ್ನು ನಾನು ತಡೆಯುವವಳಲ್ಲ. ಆದರೆ ಎದುರಿಗಿರುವವಳನ್ನು ಕಿವುಡಿಯಂತೆ ನಡೆಸಿಕೊಳ್ಳುವುದು ಅನ್ಯಾಯ. ಅದನ್ನು ಸಹಿಸಿಕೊಂಡು ಕೂತರೆ ನಾನು ಮಕ್ಕಳ ಮುಂದೆ ಸತ್ಯದ ಪಾಠ ಮಾಡುವುದಕ್ಕೆ ಯೋಗ್ಯಳಲ್ಲ.

ಆದ್ದರಿಂದ ನಾನು ಡ್ರಾಯಿಂಗ್ ಮೇಷ್ಟ್ರ ಬಳಿಗೆ ಹೋದೆ.

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಪ್ರಾಯದಲ್ಲಿ ರಷ್ಯನ್ನರ ನಾಡಿನಲ್ಲಿ ಚಿತ್ರಕಲೆ ಓದಿ ಬಂದವರು. ಅವರ ಬಗ್ಗೆ ನನಗೆ ಸದಭಿಪ್ರಾಯವಿರಲಿಲ್ಲ. ಪ್ರಾರ್ಥನೆಯ ಗಂಟೆಗೆ ಬರುವುದಿಲ್ಲ, ಅಂಗಿಯ ತೋಳಿಗೆ ಸದಾ ಬಣ್ಣ, ಎಲ್ಲ ಮಕ್ಕಳಿಗೂ ಒಂದೇ ಅಂಕ. ಕೇಳಿದರೆ, "ಎಲ್ಲಾರೂ ಅವರವರ ಕಣ್ಣಿಗೆ ಕಂಡಂಗೆ ಬರೀತಾರೆ ಅಕ್ಕಾವ್ರೇ, ಅದರಲ್ಲಿ ಸರಿ ತಪ್ಪು ಏನ್ಬಂತು?" ಎನ್ನುವ ಮನುಷ್ಯ. ಆದರೆ ಊರಿಗೆಲ್ಲ ಆ ಭಾಷೆ ಬಲ್ಲವರು ಮನೆಯಲ್ಲಿದ್ದ ಇಬ್ಬರನ್ನು ಬಿಟ್ಟರೆ ಅವರೊಬ್ಬರೇ.

ಊಟದ ಬಿಡುವಿನಲ್ಲಿ ಚಿತ್ರಕಲೆಯ ಕೋಣೆಗೆ ಹೋದೆ. ಸುಣ್ಣದ ಶಂಕು, ಗೋಲ, ಒಡೆದ ಹೂಜಿ, ಬ್ರಷ್ ತೊಳೆದ ನೀರಿನ ಬಾಟಲಿಗಳ ನಡುವೆ ಅವರು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು.

"ದಿನಬಳಕೆಯ ರಷ್ಯನ್ ಮಾತು ಕಲಿಯಬೇಕು," ಎಂದೆ. "ಸಂಭಾಷಣೆಗೆ ಬೇಕಾದಷ್ಟು."

"ಯಾರ ಜೊತೆ ಸಂಭಾಷಣೆ?"

"ಅದು ನಿಮಗೆ ಬೇಡ."

"ಓಹೋ!" ಎಂದು ಕಾಲು ಇಳಿಸಿದರು. "ಮೊದಲು ಯಾವ ಪದ ಬೇಕು ಹೇಳಿ."

"'ಕೂಡದು' ಅನ್ನೋದಕ್ಕೆ ಏನಂತಾರೆ?"

ಅವರು ಕುರ್ಚಿ ಅಲುಗಾಡುವಂತೆ ನಕ್ಕರು. "ಎಲ್ಲಾರೂ ನಮಸ್ಕಾರದಿಂದ ಶುರು ಮಾಡ್ತಾರೆ. ಕೆಲವರು ಪ್ರೀತಿಯಿಂದ ಶುರು ಮಾಡ್ತಾರೆ. 'ಕೂಡದು' ಇಂದ ಶುರು ಮಾಡಿದೋರು ನೀವೇ ಮೊದಲು. ನಿಲ್ಜ್ಯಾ. ಹೇಳಿ ನೋಡೋಣ."

"ನಿಲ್ಜ್ಯಾ."

"ಆಹಾ, ಹುಟ್ಟಿದಾಗಿಂದ ಗೊತ್ತಿದ್ದಂಗೆ ಬಂತು! ಅದರ ಎದುರು ಪದ ಮೋಜ್ನ. ಅಂದ್ರೆ ಮಾಡಬಹುದು, ಪರವಾಗಿಲ್ಲ. ಬರ್ಕೊಳಿ."

"ಅದು ಸದ್ಯಕ್ಕೆ ಬೇಡ," ಎಂದೆ.

ಪಾಠ ಹೀಗೆ ಆರಂಭವಾಯಿತು. ಅವರು ಹಲಗೆಯ ಮೇಲೆ ಚಿತ್ರ ಬಿಡಿಸುವರು, ನಾನು ಪದ ಹೇಳುವೆ. ದೋಮ್, ಮನೆ. ವದಾ, ನೀರು. ರಿಬ್ಯೋನಕ್, ಮಗು. ವ್ರಾಚ್, ವೈದ್ಯ. ದಾ ಎಂದರೆ ಹೌದು, ನ್ಯೆತ್ ಎಂದರೆ ಇಲ್ಲ. ನಮಸ್ಕಾರದ ಪದವೊಂದು ಬಾಯೊಳಗೆ ಕಲ್ಲು ಕಡಿದಂತೆ: ಜ್ದ್ರಾಸ್ತ್ವುಯ್ತೆ. ಇಷ್ಟು ವ್ಯಂಜನಗಳನ್ನು ಒಂದೇ ಉಸಿರಿಗೆ ತುರುಕುವ ಜನ ಎದುರಿಗೆ ಬಂದವರನ್ನು ನಿಜವಾಗಿ ಸ್ವಾಗತಿಸುತ್ತಾರೆಯೇ ಎಂದು ನನಗೆ ಸಂದೇಹವಾಯಿತು. ಸ್ಪಸೀಬ, ಧನ್ಯವಾದ. ಪಜಾಲುಸ್ತ, ದಯವಿಟ್ಟು. ಮೇದ್ಲೆನ್ನ, ನಿಧಾನವಾಗಿ. ತೀಹ, ಸದ್ದು ಬೇಡ. ಮಾಮ ಗವರೀತ್, ಅಮ್ಮ ಹೇಳುತ್ತಾಳೆ. ಈ ಕೊನೆಯದನ್ನು ನಾನೇ ಕೇಳಿ ಪಡೆದೆ.

"'ಸತ್ಯ' ಅನ್ನೋದಕ್ಕೆ?"

"ಪ್ರಾವ್ದ. ಅಸತ್ಯಕ್ಕೆ ನಿಪ್ರಾವ್ದ." ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು. "ಅಕ್ಕಾವ್ರೇ, ನೀವು ಕಲೀತಿರೋ ಪದಗಳನ್ನ ನೋಡಿದ್ರೆ ಸಂಭಾಷಣೆಗೆ ಅಲ್ಲ, ವಿಚಾರಣೆಗೆ ಹೊರಟಂಗಿದೆ."

"ನಿಮಗೆ ಅನುಮಾನ ಜಾಸ್ತಿ," ಎಂದೆ.

"ನನಗಾ!" ಎಂದು ಅವರು ಮತ್ತೆ ನಕ್ಕರು. "ಆಯ್ತು, ಒಂದು ಮಾತು ನೆನಪಿಟ್ಕೊಳಿ. ಹೊಸದಾಗಿ ಕಲಿಯೋರಿಗೆ ಒಂದೇ ತೊಂದರೆ, ಸುಳ್ಳು ಹೇಳೋಕೆ ಪದ ಸಾಲಲ್ಲ. ನಾನು ಅಲ್ಲಿಗೆ ಹೋದ ಹೊಸದರಲ್ಲಿ ನನ್ನಷ್ಟು ಸತ್ಯವಂತ ಯಾರೂ ಇರಲಿಲ್ಲ."

ಆ ಮನುಷ್ಯನ ಬಾಯಿಂದ ಬಂದ ಮಾತುಗಳಲ್ಲಿ ನನಗೆ ಒಪ್ಪಿಗೆಯಾದದ್ದು ಇದೊಂದೇ.

ಮನೆಯಲ್ಲಿ ನಾನು ಏನೂ ತಿಳಿಯದವಳಂತೆ ಇದ್ದೆ. ಪಾತ್ರೆ ಒರೆಸುತ್ತಾ, ಕಿಟಕಿಯ ಪರದೆ ಸರಿಪಡಿಸುತ್ತಾ ಕಿವಿಯನ್ನು ಮಾತ್ರ ಅಡುಗೆಮನೆಯಲ್ಲಿ ಬಿಟ್ಟಿರುತ್ತಿದ್ದೆ. ಅದನ್ನು ಕದ್ದು ಕೇಳುವುದು ಎನ್ನುವವರು ಎನ್ನಲಿ. ನನ್ನ ಮನೆಯ ಅಡುಗೆಮನೆಯಲ್ಲಿ ಗಟ್ಟಿಯಾಗಿ ಆಡಿದ ಮಾತು ನನ್ನ ಪಾಲಿಗೆ ಬಹಿರಂಗವಾದದ್ದೇ. ಮೊದಮೊದಲು ಎಲ್ಲ ಒಂದೇ ಹರಿವಾಗಿ ಕೇಳುತ್ತಿತ್ತು. ಆಮೇಲೆ ಹೊಳೆಯ ನಡುವೆ ಕಲ್ಲುಗಳು ತಲೆಯೆತ್ತಿದಂತೆ ಒಂದೊಂದೇ ಪದ ಕಾಣತೊಡಗಿತು. ಮಾಮ. ದೋಮ್. ಸ್ಕೋರ. ಈ ಸ್ಕೋರ ಯಾವುದೆಂದು ಮಾರನೆಯ ದಿನ ಮೇಷ್ಟ್ರನ್ನು ಕೇಳಿದೆ. "ಬೇಗ, ಸದ್ಯದಲ್ಲೇ," ಎಂದರು. ಮನೆಗೆ ಬಂದು ಗೋಡೆಗೆ ಒರಗಿದ್ದ ಸೂಟ್‌ಕೇಸುಗಳನ್ನು ಮತ್ತೊಮ್ಮೆ ಎಣಿಸಿದೆ.

ಶನಿವಾರ ಸೊಸೆ ಬಟ್ಟೆ ಮಡಿಸುತ್ತಾ ಏನೋ ಕೇಳಿದಳು. ಮಗ ತಗ್ಗಿದ ದನಿಯಲ್ಲಿ ಉತ್ತರಿಸಿದ: "ಮಾಮ ನಿ ಜ್ನಾಯೆತ್." ಮೂರೇ ಪದ. ಮೇಷ್ಟ್ರ ಪಾಠದಿಂದ ಆ ಮೂರೂ ನನಗೆ ಬರುತ್ತಿದ್ದವು. ಅಮ್ಮನಿಗೆ ಗೊತ್ತಿಲ್ಲ.

ಆ ಭಾಷೆಯಲ್ಲಿ ನನಗೆ ಮೊಟ್ಟಮೊದಲು ಪೂರ್ತಿಯಾಗಿ ಅರ್ಥವಾದ ವಾಕ್ಯ ಇದು.

ಭಾನುವಾರ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಮೇಜಿನ ಮುಂದೆ ಕುಳಿತೆ. ಸೊಸೆ ಹಣ್ಣು ಹೆಚ್ಚುತ್ತಿದ್ದಳು. ಬೀಗಿತಿಯ ಮುಖ ಮೂಡಿತು. ನಮಸ್ಕಾರಗಳಾದವು. ನಾನು ನನ್ನ ಪರೀಕ್ಷೆಯ ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದೆ.

"ಮಗನೇ, ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳಬೇಕು. ಈಜೋದು ನಿಲ್ಲಬೇಕು. ಅವರ ಮಗಳು ನನ್ನ ಮಾತು ಕೇಳ್ತಿಲ್ಲ, ಅವರೂ ಬುದ್ಧಿ ಹೇಳ್ತಿಲ್ಲ. ನನಗೆ ಬೇಸರ ಆಗಿದೆ."

ಮಗ ಗಂಟಲು ಸರಿಪಡಿಸಿಕೊಂಡ. "ಮಾಮ ಗವರೀತ್..." ಎಂದು ಆರಂಭಿಸಿದ. ನಾನು ಕಾಫಿ ಲೋಟದ ಅಂಚನ್ನೇ ನೋಡುತ್ತಾ ಕಿವಿಗೊಟ್ಟೆ. ನೀರಿನ ವದಾ ಬರಲಿಲ್ಲ. ಕೂಡದೆನ್ನುವ ನಿಲ್ಜ್ಯಾ ಬರಲಿಲ್ಲ. ಬಂದದ್ದು ಮನೆಯ ದೋಮ್. ಬಂದದ್ದು ಸ್ಕೋರ. ಕೊನೆಗೆ ಸ್ಫುಟವಾಗಿ, ಬೆಣ್ಣೆ ಸವರಿದಂತೆ ಬಂದದ್ದು, "ಬಲ್ಶೋಯೆ ಸ್ಪಸೀಬ."

ಬಹಳ ಧನ್ಯವಾದ! ನಾನು ಧನ್ಯವಾದ ಹೇಳಿರಲಿಲ್ಲ. ನನ್ನ ಬಾಯಿಯೊಳಕ್ಕೆ ಬೇರೆಯವರು ಕೈಹಾಕಿ ಇಟ್ಟ ಪದ ಅದು. ಬೀಗಿತಿಯ ಕೈಗಳು ಎದೆಯ ಕಡೆಗೆ ಏಳುತ್ತಿದ್ದವು.

"ನಿಪ್ರಾವ್ದ!" ಎಂದೆ. ಅಸತ್ಯ!

ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ ನನ್ನದು. ಸೊಸೆಯ ಕೈಯ ಚಾಕು ಹಣ್ಣಿನ ಅರ್ಧಕ್ಕೆ ನಿಂತಿತು. ಬೀಗಿತಿಯ ಕೈಗಳೂ ನಡುವೆಯೇ ನಿಂತವು. ಮಗ ನನ್ನನ್ನು ನೋಡಿದ ಬಗೆ, ಗೋಡೆಯ ಗಡಿಯಾರ ಎದ್ದುಬಂದು ಅವನನ್ನು ಮಾತನಾಡಿಸಿತೋ ಎಂಬಂತಿತ್ತು.

"ಅಮ್ಮಾ, ನಿನಗೆ..."

"ತೀಹ," ಎಂದು ಅವನನ್ನು ಸುಮ್ಮನಾಗಿಸಿ, ಫೋನಿನ ಕಡೆಗೆ ತಿರುಗಿ, ನನ್ನಲ್ಲಿದ್ದ ಪದಗಳನ್ನು ಒಂದರ ಪಕ್ಕ ಒಂದು ಇಟ್ಟೆ. "ಮಾಮ ಗವರೀತ್, ವದಾ, ನಿಲ್ಜ್ಯಾ. ರಿಬ್ಯೋನಕ್. ಸ್ಪಸೀಬ, ನ್ಯೆತ್." ಅಮ್ಮ ಹೇಳುತ್ತಾಳೆ, ನೀರು ಕೂಡದು, ಮಗು, ಧನ್ಯವಾದ ಇಲ್ಲ.

ಬೀಗಿತಿಯ ಮುಖದ ನಗು ಬಟ್ಟೆ ಕಳಚಿದಂತೆ ಇಳಿಯಿತು. ಅದರ ಕೆಳಗಿದ್ದ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ಟಿಕೆಟ್ ತೋರಿಸದೆ ನಿದ್ದೆಯ ಸೋಗು ಹಾಕಿದವರನ್ನೆಲ್ಲ ಎಬ್ಬಿಸಿ ಕೂರಿಸಿದ ಮುಖ. ಆಕೆ ನನ್ನನ್ನು ಏನೂ ಕೇಳಲಿಲ್ಲ. ನನ್ನ ಮಗನ ಕಡೆಗೆ ತಿರುಗಿ ಒಂದೊಂದಾಗಿ ಪ್ರಶ್ನೆ ಹಾಕಿದಳು. ಅವನು ತಲೆ ತಗ್ಗಿಸಿ ಒಂದೊಂದಾಗಿ ಉತ್ತರ ಕೊಟ್ಟ.

"ಈಗ ನನಗೆ ಹೇಳು," ಎಂದೆ. "ಪೂರ್ತಿ ಹೇಳು. ಸಾರಾಂಶ ಬೇಡ."

ಹೇಳಿದ. ಒಂದು ವರ್ಷದಿಂದ ಅವನು ನನ್ನ ಮಾತನ್ನು ಅತ್ತ ದಾಟಿಸಿರಲಿಲ್ಲ, ಅತ್ತಲ ಮಾತನ್ನು ಇತ್ತ ದಾಟಿಸಿರಲಿಲ್ಲ. ನಾನು ಆಕ್ಷೇಪ ಹೇಳಿದರೆ ಅಲ್ಲಿಗೆ ಮುಟ್ಟುತ್ತಿದ್ದದ್ದು ಹೊಗಳಿಕೆ. ಆಕೆ ತಕರಾರು ತೆಗೆದರೆ ನನಗೆ ಸಿಗುತ್ತಿದ್ದದ್ದು "ಆರಾಮಾಗಿದ್ದಾರಂತೆ." ಆ ಅಡುಗೆಮನೆಯಲ್ಲಿ ಎಲ್ಲಿಯೂ ಇಲ್ಲದ ಇಬ್ಬರು ಹೆಂಗಸರು ಭಾನುವಾರ ಭಾನುವಾರ ಸ್ನೇಹ ಬೆಳೆಸುತ್ತಿದ್ದರು, ನಿಜವಾಗಿ ಇರುವ ನಾವಿಬ್ಬರು ಎದುರುಬದುರು ಕುಳಿತು ಹಲ್ಲು ಕಿರಿಯುತ್ತಿದ್ದೆವು.

"ಯಾಕೋ ಹೀಗೆ ಮಾಡ್ದೆ?"

"ನೀವಿಬ್ಬರೂ ಒಂದೇ ಥರಮ್ಮ. ಇದ್ದದ್ದು ಇದ್ದಂಗೆ ಹೇಳಿದ್ರೆ ಮೊದಲ ವಾರಾನೇ ಮುಗಿದುಹೋಗ್ತಿತ್ತು."

"ಸೂಟ್‌ಕೇಸು?"

ಅದಕ್ಕೆ ಉತ್ತರ ಕೊಟ್ಟವಳು ಸೊಸೆ. ಚಾಕುವನ್ನು ಮೇಜಿನ ಮೇಲಿಟ್ಟು, ಈಜು ಬಾರದ ಮಗುವಿಗೆ ಹೇಳುವಂತೆ ಮೆಲ್ಲಗೆ, ತನ್ನಲ್ಲಿದ್ದ ನಮ್ಮ ಪದಗಳನ್ನು ಹುಡುಕಿ ಹುಡುಕಿ ಹೇಳಿದಳು: "ಅಮ್ಮ, ನಾನು ಹೋಗಲ್ಲ. ನನ್ನ ಅಮ್ಮ ಬರೋದು. ಮಗು ಬರುವಾಗ ನನಗೆ ಅಮ್ಮ ಬೇಕು. ಭಯ."

ಉಳಿದದ್ದನ್ನು ಮಗ ಸೇರಿಸಿದ. ಹಿಂದಿನ ಕೋಣೆಯ ಸಾಮಾನನ್ನು ಆ ಸೂಟ್‌ಕೇಸುಗಳಿಗೆ ತುಂಬಿ ಕೋಣೆ ಖಾಲಿ ಮಾಡುತ್ತಿದ್ದದ್ದು ಬೀಗಿತಿಗಾಗಿ. ಆಕೆಯನ್ನು ಕರೆದದ್ದು ನಾನು! "ನಮ್ಮಮ್ಮ ಹೇಳ್ತಿದ್ದಾರೆ, ಇದು ನಿಮ್ಮದೇ ಮನೆ, ಹೆರಿಗೆಗೆ ನೀವು ಬರಲೇಬೇಕು" ಎಂದು ಮಗ ನನ್ನ ಹೆಸರಿನಲ್ಲಿ ವಾರಗಟ್ಟಲೆ ಒತ್ತಾಯ ಮಾಡಿದ್ದ. ಅದನ್ನು ನಂಬಿ ಆಕೆ ಟಿಕೆಟ್ ತೆಗೆಸಿದ್ದಳು, ಚಳಿಗಾಲ ಮುಗಿಯುವವರೆಗೆ ತನ್ನ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ಯಾಕೆ, ಏನು, ಎಷ್ಟು ದಿನ, ಯಾರ ಅಡುಗೆ ಅಂತ ಪ್ರಶ್ನೆಪತ್ರಿಕೆ ಕೊಡ್ತಿದ್ದೆ."

"ಕೊಡ್ತಿದ್ದೆ," ಎಂದೆ. "ಉತ್ತರ ಬರೆಯೋದು ನಿನ್ನ ಕರ್ತವ್ಯ. ಪ್ರಶ್ನೆಪತ್ರಿಕೆನೇ ಕದಿಯೋದಲ್ಲ."

ಫೋನಿನಲ್ಲಿ ಬೀಗಿತಿ ಕಾಯುತ್ತಿದ್ದಳು. ನನಗೆ ಕೋಪ ಉಕ್ಕಿತ್ತು. ಆ ಕೋಪ ನ್ಯಾಯವಾದದ್ದೆಂದು ಇಂದಿಗೂ ಹೇಳುತ್ತೇನೆ. ಸಿಹಿಯಾದ ಸುಳ್ಳನ್ನು ಕ್ಷಮಿಸಬೇಕೆನ್ನುವವರು ತಮ್ಮ ಬಾಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ನೋಡಲಿ. ಆದರೆ ಆ ಹೆಂಗಸಿನ ಕಣ್ಣನ್ನು ನೋಡಿದಾಗ, ಅಲ್ಲಿಯೂ ಅದೇ ಕೋಪ ಕುದಿಯುತ್ತಿತ್ತು. ಮೋಸಹೋದವಳು ನಾನೊಬ್ಬಳೇ ಅಲ್ಲ. ನಾನಾದರೂ ನನ್ನ ಮನೆಯಲ್ಲಿ ಕುಳಿತಿದ್ದೆ. ಆಕೆ ತನ್ನ ಮನೆಯನ್ನೇ ಬಿಟ್ಟುಕೊಟ್ಟಿದ್ದಳು.

ಆಕೆ ಮುಂದಕ್ಕೆ ಬಾಗಿದಳು. ನನಗೆ ತಿಳಿಯುವ ಪದಗಳನ್ನೇ ಆರಿಸಿ, ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡು, ಆಮೇಲೆ ನನ್ನತ್ತ ತೋರಿಸಿ ಕೇಳಿದಳು: "ಯಾ... ವಾಶ್ ದೋಮ್. ದಾ? ನ್ಯೆತ್?"

ನಾನು, ನಿಮ್ಮ ಮನೆ. ಹೌದೋ, ಅಲ್ಲವೋ?

ಮಗ ಬಾಯಿ ತೆರೆದ. ನಾನು ಕೈಯೆತ್ತಿದೆ.

ನಮ್ಮ ಭಾಷೆಯಲ್ಲಾಗಿದ್ದರೆ ನನಗೆ ಹೇಳಲು ಬಹಳವಿತ್ತು. ಕರೆದದ್ದು ನಾನಲ್ಲ, ಆದರೂ, ಹಾಗೆ ನೋಡಿದರೆ, ಪರಿಸ್ಥಿತಿಯನ್ನು ಗಮನಿಸಿ ಎಂದು ಪುಟಗಟ್ಟಲೆ ಹೇಳಬಹುದಿತ್ತು. ಅವುಗಳ ನಡುವೆ ಎಲ್ಲಿಯಾದರೂ ಅಡಗಿ ಕುಳಿತುಕೊಳ್ಳಬಹುದಿತ್ತು. ನನ್ನ ಕೈಯಲ್ಲಿದ್ದದ್ದು ಎರಡು ಪದ. ಎರಡರಲ್ಲಿ ಒಂದು ಸುಳ್ಳು. ಸೊಸೆಯ 'ಭಯ' ಎಂಬ ಪದ ಇನ್ನೂ ಮೇಜಿನ ಮೇಲೆ, ಅರ್ಧ ಹೆಚ್ಚಿದ ಹಣ್ಣಿನ ಪಕ್ಕದಲ್ಲಿತ್ತು. ಹೆರುವ ಹುಡುಗಿಗೆ ತಾಯಿ ಬೇಕು. ಆ ತಾಯಿ ಬರುವುದು ನನಗೆ ಬೇಡವೇ? ಕೇಳಿದ್ದರೆ ನೂರು ಪ್ರಶ್ನೆ ಹಾಕಿ, ಕೊನೆಗೆ ಏನೆನ್ನುತ್ತಿದ್ದೆ?

"ದಾ," ಎಂದೆ. ಮಗನ ಕಡೆ ನೋಡದೆಯೇ, ಇನ್ನೊಂದು ಪದವನ್ನೂ ನಾನೇ ಸೇರಿಸಿದೆ. "ಪ್ರಾವ್ದ."

ಆಕೆ ಎದೆಯ ಮೇಲೆ ಕೈಯಿಡಲಿಲ್ಲ. ಕಣ್ಣು ತುಂಬಿಕೊಳ್ಳಲಿಲ್ಲ. ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವವಳಂತೆ ನನ್ನ ಮುಖವನ್ನು ಚೆನ್ನಾಗಿ ನೋಡಿ, ಒಮ್ಮೆ ತಲೆ ಆಡಿಸಿದಳು. ಆ ತಲೆಯಾಟ ನನಗೇ ಸಂದದ್ದು.

"ವದಾ, ನಿಲ್ಜ್ಯಾ," ಎಂದು ನಾನು ಮತ್ತೆ ನೆನಪಿಸಿದೆ. ಒಪ್ಪಿಗೆ ಕೊಟ್ಟೆನೆಂದು ತತ್ವ ಬಿಡುವುದೇ?

"ಮೋಜ್ನ!" ಎಂದಳು ಬೀಗಿತಿ ಮೇಜು ಕುಟ್ಟಿ. "ವ್ರಾಚ್ ಗವರೀತ್, ಮೋಜ್ನ!"

ವೈದ್ಯರು ಹೇಳುತ್ತಾರಂತೆ, ಪರವಾಗಿಲ್ಲವಂತೆ. "ನ್ಯೆತ್," ಎಂದೆ. "ದಾ," ಎಂದಳು. "ನ್ಯೆತ್." "ದಾ!" ಸೊಸೆ ಸೆರಗಿನಂತೆ ಕೈವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಖಚಿತವಾಗಿ ತಿಳಿಯದ್ದನ್ನು ನಾನು ಹೇಳುವುದಿಲ್ಲ. ಆಮೇಲೆ ಬೀಗಿತಿ ಉದ್ದವಾದ ಮಾತೊಂದನ್ನು ಆರಂಭಿಸಿದಳು. ಅದರಲ್ಲಿ ನನಗೆ ಸಿಕ್ಕಿದ್ದು ಒಂದೆರಡು ನ್ಯೆತ್, ಒಂದು ಮಾಮ.

ಮಗ ಅಭ್ಯಾಸಬಲದಿಂದ ನನ್ನ ಕಡೆ ಬಾಗಿದ. "ಅಮ್ಮಾ, ಅವರಿಗೆ ತುಂಬಾ ಸಂತೋಷ ಆಯ್ತಂತೆ..."

"ಅವರು ಹಾಗನ್ನಲಿಲ್ಲ," ಎಂದೆ. "ನೀನು ಎದ್ದು ಹೋಗಿ ಆ ಕೋಣೆಯ ಧೂಳು ಹೊಡಿ. ಈ ಸಲ ನಿಜವಾಗಿ ಹೊಡಿ."

ಅವನು ಎದ್ದು ಹೋದ. ನಾನು ಅವನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಸಕ್ಕರೆ ಡಬ್ಬಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ಮೇದ್ಲೆನ್ನ," ಎಂದೆ. "ಪಜಾಲುಸ್ತ."

ಬೀಗಿತಿ ನಿಟ್ಟುಸಿರು ಬಿಟ್ಟು, ಮೊದಲಿನಿಂದ, ನಿಧಾನವಾಗಿ, ಒಂದೊಂದೇ ಪದವಾಗಿ ತನ್ನ ಆಕ್ಷೇಪವನ್ನು ಮತ್ತೆ ಹೇಳತೊಡಗಿದಳು.